ಬೆಳ್ಳಿ ಸೌಟಿನ ಬೆನ್ನು

ನಮ್ಮ ಲ್ಯಾಬಿಗೆ ಸ್ಯಾಂಪಲ್ ತಂದವರು ಒಂದು ಫಾರಂ ತುಂಬಬೇಕು. ಅದರ ಮೊದಲನೇ ಕಾಲಂ ‘ಸ್ಯಾಂಪಲ್‌ನ ಮಾಲೀಕರು’, ನಾಲ್ಕನೆಯದು ‘ಪರೀಕ್ಷೆಯ ಉದ್ದೇಶ’. ಪೀಣ್ಯದ ಕಾರ್ಖಾನೆಗಳಿಂದ ಬರುವವರು ಮೊದಲನೆಯದರಲ್ಲಿ ಕಂಪನಿಯ ಸೀಲು ಒತ್ತುತ್ತಾರೆ, ನಾಲ್ಕನೆಯದರಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು, ಗಡಸುತನ ಎಷ್ಟು ಎಂದು ಬರೆಯುತ್ತಾರೆ. ಸ್ವಿಚ್ಚು, ರಿಲೇಗಳ ಒಳಗೆ ಕೂರುವ ಗುಂಡಿಯಷ್ಟು ಚಿಕ್ಕ ಬೆಳ್ಳಿ ಬಿಲ್ಲೆಗಳೇ ನಮಗೆ ಅನ್ನ. ಕಳೆದ ಆಷಾಢದ ಮೊದಲ ವಾರ ಒಬ್ಬ ಹೆಂಗಸು ಬಂದು ಫಾರಂ ಅನ್ನು ನನ್ನ ಕಡೆಗೇ ತಳ್ಳಿದರು.

“ನೀವೇ ಬರ್ಕೊಳ್ಳಿ ಮೇಡಂ, ಕನ್ನಡ್ಕ ಮರ್ತು ಬಂದೆ.”

“ಮಾಲೀಕರು ಯಾರು ಅಂತ ಹಾಕ್ಲಿ ಅಕ್ಕ?”

“ಅದನ್ನ ಖಾಲಿ ಬುಟ್ಬುಡಿ.”

“ಉದ್ದೇಶ?”

“ಇದು ಕದ್ದಿದ್ದೋ ಅಲ್ವೋ. ಅದೊಂದ್ ನೋಡಿ ಯೋಳ್ಬುಡಿ.”

ನನಗೆ ನಗು ಬಂತು, ನಕ್ಕೂಬಿಟ್ಟೆ. ಎದುರಿಗಿರುವವರ ಮುಖ ನೋಡದೆ ನಗುವುದು ನನ್ನ ಹಳೆಯ ರೋಗ. “ಅಕ್ಕಾ, ನಮ್ಮ ಮಿಷನ್ನು ಬೆಳ್ಳಿ ಎಷ್ಟಿದೆ ಅಂತ ಹೇಳುತ್ತೆ. ಕಳ್ಳ ಯಾರು ಅಂತ ಹೇಳೋಕೆ ಪೊಲೀಸ್ ಸ್ಟೇಷನ್ ಇದೆ,” ಅಂದೆ. ಅವರು ನಗಲಿಲ್ಲ. ಬ್ಯಾಗಿನಿಂದ ಹಳೆಯ ಟವೆಲ್ಲಿನ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಎರಡು ದೊಡ್ಡ ಸೌಟುಗಳು ಇದ್ದವು. ಹೊಗೆ ಹಿಡಿದ ಲಾಟೀನಿನ ಗಾಜಿನಷ್ಟು ಕಪ್ಪಾಗಿದ್ದವು.

ಅವರಿಗೆ ಅರವತ್ತು ದಾಟಿತ್ತು. ಮಹದೇವಪುರದ ಹಳೇ ಊರಿನ ಒಕ್ಕಲು ಮನೆತನದವರು. ಹೊಲಗಳೆಲ್ಲ ಈಗ ಬಾಡಿಗೆ ಕಟ್ಟಡಗಳಾಗಿವೆ. ಅಂದರೆ ದುಡ್ಡಿಗೆ ಬರವಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ. ಕಾಫಿ ತರಿಸಿ ಕೊಟ್ಟ ಮೇಲೆ ನಿಧಾನವಾಗಿ ಹೇಳಿದರು.

“ನಮ್ಮವ್ವ ವೈಟ್‌ಫೀಲ್ಡಾಗೆ ಒಂದು ಬಿಳಿಯರ ಬಂಗ್ಲೇಲಿ ಕೆಲ್ಸಕ್ಕಿದ್ಳು. ಅಡ್ಗೆನೂ ಮಾಡೋಳು, ಅವ್ರ ಮಗೀನೂ ನೋಡ್ಕಳೋಳು. ಆ ಮಗು ಜ್ವರ ಬಂದು ತೀರ್ಕೊಂತು, ನಾಕು ವರ್ಸದ್ದು. ಎರಡು ತಿಂಗ್ಳಿಗೆ ಅವ್ರು ಮನೆ ಖಾಲಿ ಮಾಡ್ಕೊಂಡು ತಮ್ಮ ದೇಶುಕ್ಕೆ ಒಂಟೋದ್ರು. ಆಮ್ಯಾಕೆ ಇವೆರಡೂ ನಮ್ಮನೆ ರಾಗಿ ತುಂಬೋ ವಾಡೇಲಿ ಸಿಕ್ವು. ಅಲ್ಲಿಂದ ನಮ್ಮವ್ವಂಗೆ ಕಳ್ಳಿ ಅಂತ ಎಸ್ರು ಬಿತ್ತು. ಸಾಯೋಗಂಟ ಓಗ್ಲಿಲ್ಲ.”

ತಾಯಿ ತೀರಿಕೊಂಡು ವರ್ಷ ತುಂಬಿತ್ತು, ವರ್ಷದ ತಿಥಿಯೂ ಮುಗಿದಿತ್ತು. ಉಳಿದದ್ದು ಒಂದು ಹರಕೆ. ಊರ ಮಾರಮ್ಮನಿಗೆ ಬೆಳ್ಳಿ ಕಣ್ಣು ಮಾಡಿಸಿ ಹಾಕುತ್ತೇನೆಂದು ಆ ತಾಯಿ ಯಾವ ಕಾಲದಲ್ಲೋ ಹೇಳಿಕೊಂಡಿದ್ದರಂತೆ. ಗಂಡನ ದುಡ್ಡಲ್ಲ, ಮಕ್ಕಳ ದುಡ್ಡಲ್ಲ, ತನ್ನ ಸ್ವಂತ ದುಡಿಮೆಯ ಬೆಳ್ಳಿಯೇ ಆಗಬೇಕು ಎಂಬುದು ಅವರ ಹಟ. ಅವರ ಟ್ರಂಕಿನಲ್ಲಿ ಉಳಿದ ಬೆಳ್ಳಿ ಅಂದರೆ ಇವೆರಡೇ. ಮಗಳಾದ ಇವರು ಇವನ್ನು ಕರಗಿಸಿ ಕಣ್ಣು ಮಾಡಿಸೋಣ ಎಂದರೆ, ಇವರ ತಮ್ಮ ಅಡ್ಡ ನಿಂತಿದ್ದ. ಕದ್ದ ಬೆಳ್ಳಿಯನ್ನು ದೇವರ ಮುಖಕ್ಕೆ ಹಾಕಿದರೆ ಮನೆ ಉಳಿಯುತ್ತಾ ಎಂದು ಅವನ ವಾದ. ಊರಿನ ಅಕ್ಕಸಾಲಿಗರು ಒಂದು ಸಲ ತಿರುಗಿಸಿ ನೋಡಿ, ಇಂಗ್ಲಿಷ್ ಅಕ್ಷರ ಕಂಡು, ಇದು ಬೆಳ್ಳಿಯೇ ಅಲ್ಲ, ಜರ್ಮನ್ ಸಿಲ್ವರ್ ಅಂದಿದ್ದರು. ಈ ಅಕ್ಕನ ಮನೆಯ ಬಾಡಿಗೆದಾರರೊಬ್ಬರು ಪೀಣ್ಯದಲ್ಲಿ ಕೆಲಸಕ್ಕಿದ್ದು, ಅವರೇ ನಮ್ಮ ವಿಳಾಸ ಕೊಟ್ಟಿದ್ದರು.

“ಆಷಾಢದ ಕೊನೇ ಶುಕ್ರವಾರದೊಳ್ಗೆ ಆಗ್ಬೇಕು ತಾಯಿ,” ಅಂದು ಅವರು ಎದ್ದರು. ಬೆಳ್ಳಿ ಹೌದೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತೇನೆ, ಉಳಿದದ್ದು ನನ್ನ ಕೈಯಲ್ಲಿಲ್ಲ ಎಂದು ಹೇಳಿ ಕಳಿಸಿದೆ.

ಇನ್ನು ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ತೂಕ ನೋಡಿದೆ: ಒಂದೊಂದೂ ಎಂಬತ್ತು ಗ್ರಾಂಗೆ ಸ್ವಲ್ಪ ಕಡಿಮೆ. ಉದ್ದ ಒಂದು ಗೇಣಿಗಿಂತ ಜಾಸ್ತಿ. ನೀರಿನಲ್ಲಿ ತೂಗಿ ಸಾಂದ್ರತೆ ತೆಗೆದೆ, ಬೆಳ್ಳಿಗೆ ಹತ್ತಿರವೇ ಬಂತು. ಎಕ್ಸ್‌ರೇ ಮಿಷನ್ನಿಗೆ ಇಟ್ಟರೆ ಬೆಳ್ಳಿ ತೊಂಬತ್ತರ ಮೇಲೆ ತೋರಿಸಿತು. ಈ ಮಿಷನ್ನು ನೋಡುವುದು ತೊಗಲನ್ನು ಮಾತ್ರ, ಮಾಂಸವನ್ನಲ್ಲ. ಒಳಗೆ ಹಿತ್ತಾಳೆಯಿದ್ದು ಮೇಲೆ ಬೆಳ್ಳಿ ಬಳಿದಿದ್ದರೂ ಅದು ಬೆಳ್ಳಿ ಎಂದೇ ಕೂಗುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮವಿದೆ, ಹೊಸಬರಿಗೆಲ್ಲ ನಾನೇ ಪಾಠ ಹೇಳುತ್ತೇನೆ: ಮೇಲ್ಮೈಯನ್ನು ನಂಬಬೇಡಿ, ಮೊದಲು ಉಜ್ಜಿ. ಬೆಲ್ಟ್ ಗ್ರೈಂಡರಿಗೆ ಹಿಡಿದು ಹೆಬ್ಬೆರಳಿನಷ್ಟು ಜಾಗ ಸವೆಸಿ, ಒಳಗಿನ ಲೋಹ ಕಂಡ ಮೇಲೆ ಓದಬೇಕು.

ಒಂದು ಸೌಟನ್ನು ಎತ್ತಿಕೊಂಡೆ. ಅದರ ಮುಂಬದಿಯಲ್ಲಿ ಅಂದವಾದ ಕೆತ್ತನೆ ಇತ್ತು, ಅದನ್ನು ಕೆಡಿಸುವುದು ಬೇಡವೆಂದು ಹಿಂಬದಿ ತಿರುಗಿಸಿದೆ. ಹಿಡಿಯ ಬೆನ್ನಿನ ಮೇಲೆ ಕಪ್ಪು ಕೂತ ಸಣ್ಣ ಸಣ್ಣ ಕುಳಿಗಳಿದ್ದವು. ಕಿಲುಬು ತಿಂದಿದೆ ಅಂದುಕೊಂಡೆ. ಹಾಳಾದ ಜಾಗವನ್ನೇ ಉಜ್ಜಿದರೆ ನಷ್ಟವಿಲ್ಲ ಎಂಬ ಜಾಣತನ ಬೇರೆ. ಹತ್ತು ಸೆಕೆಂಡು ಹಿಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನನಗೆ ನಿಮಿಷವೂ ಬೇಕಾಗಲಿಲ್ಲ.

ಒಳಗೆ ಬೆಳ್ಳಿಯೇ ಇತ್ತು. ನೂರಕ್ಕೆ ಎಂಬತ್ಮೂರು ಪಾಲು ಬೆಳ್ಳಿ, ಉಳಿದದ್ದು ತಾಮ್ರ; ತೊಗಲಿನ ತಾಮ್ರ ಕಾಲಕ್ರಮೇಣ ಹೋಗಿದ್ದರಿಂದ ಮೇಲೆ ತೊಂಬತ್ತು ತೋರಿಸಿತ್ತು. ನಮ್ಮ ಕಡೆಯ ಹಳೆಯ ಬೆಳ್ಳಿಯಲ್ಲಿ ಅಳತೆ ಹೀಗೆ ಅಚ್ಚುಕಟ್ಟಾಗಿ ನಿಲ್ಲುವುದಿಲ್ಲ. ಎರಡನೆಯ ಸೌಟಿನ ಹಿಡಿಯ ಬುಡದಲ್ಲಿ ‘830 S’ ಎಂಬ ಮುದ್ರೆಯನ್ನು ನಾನು ಆಗಲೇ ನೋಡಿದ್ದೆ, ಯಾವುದೋ ಅಂಗಡಿಯ ಐಟಂ ನಂಬರ್ ಅಂದುಕೊಂಡಿದ್ದೆ. ಈಗ ಹೊಂದಿಸಿದರೆ ಅದು ಸಾವಿರಕ್ಕೆ ಎಂಟುನೂರ ಮೂವತ್ತು. ಹುಡುಕಿ ಓದುತ್ತಾ ಹೋದೆ. ಯುರೋಪಿನ ಉತ್ತರ ತುದಿಯ ದೇಶಗಳಲ್ಲಿ ಈ ಅಳತೆ ಹಿಂದೆ ರೂಢಿಯಲ್ಲಿತ್ತು. ಡೆನ್ಮಾರ್ಕಿನದಾದರೆ ಸಾಮಾನ್ಯವಾಗಿ ಮೂರು ಗೋಪುರದ ಮುದ್ರೆ ಇರಬೇಕು, ಸ್ವೀಡನ್ನಿನದಾದರೆ ಮೂರು ಕಿರೀಟ. ಇದರಲ್ಲಿ ಅವೆರಡೂ ಇರಲಿಲ್ಲ. ಮುಂಬದಿಯ ಕೆತ್ತನೆಯಲ್ಲಿ ಅಡ್ಡಗೆರೆ ಎಳೆದ ಇಂಗ್ಲಿಷಿನ ‘O’ ಅಕ್ಷರವಿತ್ತು. ನಾರ್ವೆ ಇರಬಹುದು ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಕೆತ್ತನೆಯಲ್ಲಿ ಒಂದು ಹೆಸರು, ಎರಡು ತಾರೀಕು ಇದ್ದವು. ಇಸವಿಗಳು ನೂರು ವರ್ಷಕ್ಕೂ ಹಿಂದಿನವು.

ಸೌಟಿನ ಬಾಯಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎರಡರಲ್ಲೂ ಎಡಗಡೆಯ ಅಂಚು ಸವೆದು ಓರೆಯಾಗಿತ್ತು. ಬಲಗೈಯವರು ಪಾತ್ರೆಯ ತಳ ಕೆರೆದು ಕೆರೆದು ಬಡಿಸಿದರೆ ಹಾಗೆ ಸವೆಯುತ್ತದೆ. ನಮ್ಮಜ್ಜಿಯ ಮಜ್ಜಿಗೆ ಸೌಟೂ ಹೀಗೇ ಇತ್ತು. ಗಾಜಿನ ಬೀರುವಿನಲ್ಲಿಟ್ಟ ಶೋಕಿ ಸಾಮಾನಲ್ಲ, ಗಟ್ಟಿಯಾದದ್ದೇನನ್ನೋ ತಲೆಮಾರುಗಳ ಕಾಲ ಬಡಿಸಿದ ಸೌಟು ಎಂದು ಖಾತ್ರಿಯಾಯಿತು. ಆದರೆ ಸತ್ತವರ ಹೆಸರಿನಂತೆ ಕಾಣುವ ಬರಹ ಊಟದ ಸೌಟಿನ ಮೇಲೆ ಯಾಕೆ ಎಂಬುದು ತಿಳಿಯಲಿಲ್ಲ.

ಮರುವಾರ ಉತ್ತರ ತಾನಾಗಿ ನಮ್ಮ ಬಾಗಿಲಿಗೆ ಬಂತು. ಎರಡು ರಸ್ತೆ ಆಚೆಯ ಸ್ವಿಚ್‌ಗೇರ್ ಕಾರ್ಖಾನೆಗೆ ನಾರ್ವೆಯ ಇಂಜಿನಿಯರ್ ಒಬ್ಬರು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ಬಿಲ್ಲೆಗಳ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕೆಂದು ನಮ್ಮ ಲ್ಯಾಬಿಗೂ ಬರುತ್ತಾರೆ. ಮಾತು ಕಡಿಮೆ, ತಪ್ಪು ಹುಡುಕುವುದು ಜಾಸ್ತಿ. ಕೆಲಸ ಮುಗಿದ ಮೇಲೆ ಸೌಟುಗಳನ್ನು ಅವರ ಮುಂದಿಟ್ಟೆ. ಅವರು ಕೈ ಒರೆಸಿಕೊಂಡು ಎತ್ತಿಕೊಂಡರು.

ಕೆತ್ತನೆಯ ಮೊದಲ ಪದದ ಅರ್ಥ ‘ನೆನಪಿಗೆ’ ಎಂದರು. ಅವರ ಕಡೆ ಹಿಂದೆ ಮನೆಯಲ್ಲಿ ಸಾವಾದರೆ ಸತ್ತವರ ಹೆಸರು, ಹುಟ್ಟಿದ ದಿನ, ಸತ್ತ ದಿನ ಕೆತ್ತಿಸಿ ಬೆಳ್ಳಿಯ ಸೌಟು ಮಾಡಿಸುವ ಪದ್ಧತಿ ಇತ್ತಂತೆ. ಅವರ ಅಜ್ಜಿಯ ಮನೆಯಲ್ಲೂ ಒಂದು ಇತ್ತು. ದೊಡ್ಡ ಹಬ್ಬಕ್ಕೆ, ಇಲ್ಲವೇ ಮಣ್ಣು ಮಾಡಿ ಬಂದ ಮೇಲಿನ ಊಟಕ್ಕೆ ಮಾತ್ರ ಹೊರಗೆ ತೆಗೆದು ಗಟ್ಟಿ ಗಂಜಿ ಬಡಿಸುತ್ತಿದ್ದರು.

“ಇದನ್ನು ಯಾರಿಗೆ ಕೊಡುತ್ತಾರೆ?” ಎಂದು ಕೇಳಿದೆ.

“ಮನೆಯವರಿಗೆ,” ಅಂದರು. “ಹೊರಗಿನವರಿಗೆ ಕೊಟ್ಟದ್ದನ್ನು ನಾನು ಕೇಳಿಲ್ಲ.”

ಹೊರಗಿನವರಿಗೆ ಕೊಡುವುದಿಲ್ಲ ಅಂದರೆ ಅಡುಗೆಯವಳಿಗೆ ಕೊಟ್ಟಾರೆಯೇ? ಆ ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಅವರು ಎರಡನೆಯ ಸೌಟನ್ನು, ಅಂದರೆ ನಾನು ಉಜ್ಜದೆ ಬಿಟ್ಟಿದ್ದನ್ನು, ತಿರುಗಿಸಿ ಬೆಳಕಿಗೆ ಹಿಡಿದರು. ಬೆನ್ನ ಮೇಲಿನ ಕುಳಿಗಳನ್ನು ಹೆಬ್ಬೆರಳಿನಿಂದ ಸವರಿ, “ಇದು ನಿಮ್ಮ ಲಿಪಿ ಅಲ್ಲವೇ?” ಎಂದರು.

ಅಡಿಗೆ ಸೋಡಾ ಹಚ್ಚಿ ಒರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚುಕ್ಕೆ, ಚುಕ್ಕೆ, ಚುಕ್ಕೆ. ಮದುವೆಗೆ ಉಡುಗೊರೆ ಕೊಡುವ ಬಿಂದಿಗೆ, ತಟ್ಟೆಗಳ ಮೇಲೆ ಪಾತ್ರೆ ಅಂಗಡಿಯವರು ಚಾಣ ಹಿಡಿದು ಟಕಟಕ ಹೊಡೆದು ಹೆಸರು ಹಾಕುತ್ತಾರಲ್ಲ, ಅದೇ ಕೈ, ಅದೇ ಬಗೆ. ನಮ್ಮ ಮನೆಯ ಒಂದೊಂದು ಲೋಟದ ಮೇಲೂ ಅಂಥ ಹೆಸರಿದೆ. ದಿನಾ ಬೆಳಗ್ಗೆ ಅದರಲ್ಲೇ ಕಾಫಿ ಕುಡಿಯುತ್ತೇನೆ. ಎರಡು ಅಕ್ಷರ ಓದಿದೆ: ಇಂಗ್ರಿ.

ಅದು ಹೆಣ್ಣುಮಗುವಿನ ಹೆಸರು ಎಂದರು ಇಂಜಿನಿಯರ್. ನಾಲ್ಕು ವರ್ಷಕ್ಕೆ ಜ್ವರದಿಂದ ತೀರಿಕೊಂಡ ಮಗುವಿನ ಕಥೆಯನ್ನು ನಾನು ಹೇಳಿದೆ. ಅವರು ಕುರ್ಚಿ ಎಳೆದು ಕುಳಿತರು. ದೂರದ ಊರಿನಲ್ಲಿ ಮಗು ಸತ್ತರೆ ಹೊಸ ಸೌಟು ಮಾಡಿಸಲು ಆ ತಂದೆತಾಯಿಗೆ ತಮ್ಮ ದೇಶದ ಅಕ್ಕಸಾಲಿಗ ಎಲ್ಲಿ ಸಿಗಬೇಕು, ಮನೆಯ ಹಿರಿಯರ ಸೌಟನ್ನೇ ತಿರುಗಿಸಿ ಮಗುವಿನ ಹೆಸರು ಹಾಕಿಸಿರಬಹುದು, ಇದು ನನ್ನ ಊಹೆ ಅಷ್ಟೇ ಎಂದರು. ಆಮೇಲೆ ಅವರೇ ಕೇಳಿದರು: “ಇನ್ನೊಂದರ ಹಿಂದೆ ಏನಿತ್ತು?”

ಇನ್ನೊಂದರ ಹಿಂದೆ ಕನ್ನಡಿಯಂತೆ ಹೊಳೆಯುವ ನನ್ನ ಗ್ರೈಂಡಿಂಗ್ ಗುರುತು ಇತ್ತು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಎರಡು ದಿನ ನನ್ನೊಳಗೆ ನಡೆದದ್ದನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಸೌಟುಗಳು ಹೇಗೂ ಕರಗಲಿದ್ದವು. ಅಕ್ಕಸಾಲಿಗರ ಮೂಸೆಯಲ್ಲಿ ನನ್ನ ತಪ್ಪೂ ಕರಗಿ ಹೋಗುತ್ತಿತ್ತು. ಮಗುವಿನ ಹೆಸರಿರುವ ಒಂದು ಸೌಟನ್ನು ತೋರಿಸಿ, ಇದು ನೆನಪಿನ ಸೌಟು, ಬಹುಶಃ ಕೊಟ್ಟದ್ದೇ ಇರಬೇಕು ಎಂದು ಬಹುಶಃಗಳ ವರದಿ ಬರೆದುಕೊಟ್ಟರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ತಮ್ಮ ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕುತ್ತಿದ್ದ. ಮಗುವಿನ ಹೆಸರಿದ್ದರೆ ಮಗುವಿನ ಮನೆಯದು, ಅಂದರೆ ಕದ್ದದ್ದೇ, ಅನ್ನುತ್ತಿದ್ದ. ಉಜ್ಜಿಹೋದ ಬೆನ್ನಿನ ಮೇಲೆ ಏನಿತ್ತೋ ಅದೇ ಸಾಕ್ಷಿ, ಅದನ್ನು ಅಳಿಸಿದವಳು ನಾನು. ನಾಚಿಕೆಯಾಯಿತು. ಹೆದರಿಕೆಯೂ ಆಯಿತು. ಮೂರನೇ ದಿನ ಬೆಳಗ್ಗೆ ಫೋನ್ ಮಾಡಿ, “ಅಕ್ಕ, ಒಂದು ಮಾತಿದೆ, ಬರೋಕಾಗುತ್ತಾ?” ಅಂದೆ.

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ ಬಂದರು. ಈ ಸಲ ಕನ್ನಡಕ ತಂದಿದ್ದರು. ಎಲ್ಲವನ್ನೂ ಹೇಳಿದೆ. ಯಾವ ದೇಶದ್ದು, ಯಾತಕ್ಕೆ ಮಾಡಿದ್ದು, ಒಂದರ ಬೆನ್ನ ಮೇಲೆ ಏನಿದೆ, ಇನ್ನೊಂದರ ಬೆನ್ನಿಗೆ ನಾನೇನು ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಇಂಗ್ರಿ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು ಕೂತೇ ಇದ್ದರು.

“ಈ ಮಗೀನ ನಂಗೊತ್ತು ತಾಯಿ,” ಎಂದರು ಕೊನೆಗೆ. “ನಮ್ಮವ್ವನ ಸೊಂಟದ್ ಮ್ಯಾಲೇ ಇರೋದು. ನಮ್ಮನ್ನ ಬುಟ್ಟು ಅದನ್ನ ಎತ್ಕೊಂಡು ತಿರುಗ್ತಾಳಲ್ಲ ಅಂತ ನಂಗೆ ಒಟ್ಟೆಕಿಚ್ಚು. ಆ ಸೌಟು ವಾಡೇಲಿ ಸಿಕ್ತು ಅಂದ್ನಲ್ಲ, ಸಿಕ್ಕಿದ್ ನನ್ ಕೈಗೇ. ರಾಗಿ ತೆಗ್ಯಕ್ ಓದಾಗ. ನಮ್ಮಪ್ಪನ್ ಮುಂದೆ, ನಾಕು ಜನದ್ ಮುಂದೆ ತಂದು ಇಟ್ಟು, ಅವ್ವ ಕದ್ದವ್ಳೆ ಅಂದೋಳು ನಾನೇ.”

ಅವರು ನಿಲ್ಲಿಸಲಿಲ್ಲ.

“ಕೊಟ್ರು ಕಣಪ್ಪ ಅಂತ ಒಂದೇ ಸಲ ಅಂದ್ಳು. ನಮ್ಮಪ್ಪ ಒಡ್ದ. ಆಮ್ಯಾಕೆ ಅವ್ಳು ನನ್ನತ್ರ ಬಂದು, ಸೌಟ್ನ ತಿರ್ಗ್ಸಿ, ನೀನ್ ಓದ್ದೋಳಲ್ವ, ಇಲ್ಲಿ ಓದು ಮಗಾ ಅಂದ್ಳು. ಮನೇಲಿ ಅಕ್ಸರ ಬರೋಳು ನಾನೊಬ್ಳೇ. ಏಳ್ನೇ ಕ್ಲಾಸು. ನಾನು ಮಕ ತಿರ್ಗ್ಸಿಕೊಂಡು ಓಗ್ಬುಟ್ಟೆ. ಆಮ್ಯಾಕೆ ಅವ್ಳು ಯಾರಿಗೂ ತೋರಿಸ್ಲಿಲ್ಲ, ಟ್ರಂಕಿಂದ ಈಚೆ ಬರೋ ಒತ್ಗೆ ಕಪ್ಪಿಡ್ದು ಏನೂ ಕಾಣ್ತಿರ್ಲಿಲ್ಲ. ಯಾವ್ ಬಂಗ್ಲೇಲೂ ಕೆಲ್ಸ ಕೊಡ್ಲಿಲ್ಲ, ಇಟ್ಟಿಗೆ ಗೂಡಿಗೆ ಓದ್ಳು.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾನು ನೂರು ಸಲ ಹೇಳಿದ್ದೇನೆ. ಅವತ್ತು ಅದು ಬಾಯಿಗೆ ಬಂದರೂ ನುಂಗಿಕೊಂಡೆ. ಹೇಳಲು ನನಗೇನು ಯೋಗ್ಯತೆ ಇತ್ತು? ಅವರು ಹದಿಮೂರರ ವಯಸ್ಸಿನಲ್ಲಿ ಓದದೆ ಹೋದದ್ದನ್ನು ನಾನು ಐವತ್ತನಾಲ್ಕರಲ್ಲಿ, ಸೂಕ್ಷ್ಮದರ್ಶಕ ಪಕ್ಕದಲ್ಲೇ ಇಟ್ಟುಕೊಂಡು, ಓದದೆ ಉಜ್ಜಿದ್ದೆ.

ಒಂದು ದಾರಿ ಉಳಿದಿತ್ತು. ಕದ್ದ ಮೋಟರುಗಳ ನಂಬರನ್ನು ಉಜ್ಜಿ ಅಳಿಸಿದ್ದರೆ ಆಸಿಡ್ ಹಚ್ಚಿ ಮತ್ತೆ ಎಬ್ಬಿಸುವುದುಂಟು, ನಾನೂ ಕೆಲವು ಸಲ ಮಾಡಿದ್ದೇನೆ. ಚಾಣದ ಪೆಟ್ಟು ಬಿದ್ದಲ್ಲಿ ಕುಳಿಯ ಕೆಳಗಿನ ಲೋಹವೂ ನಜ್ಜುಗುಜ್ಜಾಗಿರುತ್ತದೆ. ಮೇಲಿನ ಕುಳಿ ಅಳಿದರೂ ಕೆಳಗಿನ ನೋವು ಉಳಿದಿರುತ್ತದೆ. ರಾಸಾಯನಿಕ ಹಚ್ಚಿದಾಗ ಪೆಟ್ಟು ತಿಂದ ಲೋಹ ಸುತ್ತಲಿನದಕ್ಕಿಂತ ಬೇಗ ಕರಗಿ, ಒಂದು ಕ್ಷಣ ನೆರಳು ಮೂಡುತ್ತದೆ. ಆದರೆ ನಾನು ಮಾಡಿದ್ದು ಕಬ್ಬಿಣದ ಮೇಲೆ, ಬೆಳ್ಳಿಯ ಮೇಲೆ ಎಂದೂ ಅಲ್ಲ. ಒಂದೇ ಅವಕಾಶ. ತಪ್ಪಿದರೆ ಅಡಿಯಲ್ಲಿ ಉಳಿದಿರಬಹುದಾದ ಗುರುತೂ ಹೋಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿ, “ಮಾಡ್ಲಾ, ಬೇಡ್ವಾ? ನೀವೇ ಹೇಳಿ,” ಅಂದೆ.

“ಮಾಡಿ,” ಎಂದರು. “ಓದ್ರೆ ಓಗ್ಲಿ. ಈ ಸಲ ನಾನು ಮುಂದೆ ಕುಂತ್ಕೊಂಡು ನೋಡ್ತೀನಿ.”

ನಾಲ್ಕು ದಿನ ಸಮಯ ಕೇಳಿದೆ. ಮೈಕ್ರೋಮೀಟರಿನಲ್ಲಿ ಎರಡೂ ಹಿಡಿಗಳ ದಪ್ಪ ಅಳೆದು ನೋಡಿದರೆ, ನಾನು ಸವೆಸಿದ್ದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅಂಥ ದೊಡ್ಡದಲ್ಲ, ಆದರೆ ಚುಕ್ಕೆಗಳೂ ಆಳವಾಗಿರಲಿಲ್ಲ. ಬೆಳ್ಳಿ ಬಿಲ್ಲೆ ತಯಾರಿಸುವವರ ಹತ್ತಿರ ಒಂದು ತುಂಡು ತಗಡು ತಂದು, ಮೊಳೆಯಿಂದ ಚುಕ್ಕೆ ಹೊಡೆದು ನನ್ನದೇ ಹೆಸರು ಬರೆದೆ. ಗ್ರೈಂಡರಿಗೆ ಹಿಡಿದು ಅಳಿಸಿದೆ. ಮೊದಲು ನೈಟ್ರಿಕ್ ಆಸಿಡ್ ನೀರು ಬೆರೆಸಿ ಹಚ್ಚಿದೆ. ತಗಡು ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತು, ಹೆಸರು ಬರಲೇ ಇಲ್ಲ. ಎರಡನೇ ಸಲ ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಮ ಬೆರೆಸಿದೆ, ಮತ್ತೆ ಸೋಲು. ಮೇಲ್ಮೈ ಒರಟಾಗಿದ್ದದ್ದೇ ಕಾರಣ ಎಂದು ಹೊಳೆಯಲು ಒಂದು ದಿನ ಬೇಕಾಯಿತು. ಮೂರನೆಯ ತುಂಡನ್ನು ಒಂದಕ್ಕಿಂತ ಒಂದು ನುಣುಪಾದ ಎಮೆರಿ ಕಾಗದದಲ್ಲಿ ತಿಕ್ಕಿ, ಬಟ್ಟೆಯ ಮೇಲೆ ಪುಡಿ ಹಾಕಿ ಕನ್ನಡಿಯ ಹಾಗೆ ಮಾಡಿದೆ. ಆಗತಾನೇ ಬೆರೆಸಿದ ದ್ರವದಲ್ಲಿ ಹತ್ತಿ ಅದ್ದಿ, ಒತ್ತದೆ, ಒಂದೇ ದಿಕ್ಕಿಗೆ ಸವರಿದೆ. ಹನ್ನೆರಡನೇ ಸಲ ಸವರಿದಾಗ ನನ್ನ ಹೆಸರಿನ ಮೊದಲ ಅಕ್ಷರ ನೀರಿನೊಳಗಿನ ಮೀನಿನ ಹಾಗೆ ಕಂಡು ಮಾಯವಾಯಿತು. ಒದ್ದೆಯಾಗಿರುವಾಗ ಮಾತ್ರ, ಓರೆ ಬೆಳಕಿನಲ್ಲಿ ಮಾತ್ರ.

ಐದನೇ ದಿನ ಹನ್ನೊಂದು ಗಂಟೆಗೆ ಅವರು ಬಂದು ನನ್ನ ಎದುರಿಗೆ ಕುಳಿತರು. ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ, ದೂರ ಕೂರಿ ಎಂದರೂ ಕೇಳಲಿಲ್ಲ. ಕಾಪು ಕನ್ನಡಕ ಹಾಕಿಸಿದೆ, ಫ್ಯಾನ್ ನಿಲ್ಲಿಸಿದೆ, ಕಿಟಕಿಯ ಪಕ್ಕದ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿದೆ. ಸವರಿದೆ, ನೋಡಿದೆ, ಮತ್ತೆ ಸವರಿದೆ. ಹತ್ತು ಸಲ ಆಯಿತು. ಇಪ್ಪತ್ತಾಯಿತು. ಏನೂ ಇಲ್ಲ. ದ್ರವ ಹಳತಾಗಿ ಗುಳ್ಳೆ ನಿಂತಿತು. ಹೊಸದು ಬೆರೆಸಿದೆ. ಇನ್ನು ಹೆಚ್ಚು ಮಾಡಿದರೆ ಮೇಲ್ಮೈ ಕೆಡುತ್ತದೆ, ಇಲ್ಲಿಗೆ ನಿಲ್ಲಿಸೋಣ ಎಂದು ನಾನು ಬಾಯಿ ತೆರೆದೆ.

“ಪಿ,” ಅಂದರು ಅವರು.

ನನಗೆ ಕಾಣಲಿಲ್ಲ. ಅವರು ಕೂತಿದ್ದ ಕಡೆಯಿಂದ ಬೆಳಕು ಸರಿಯಾಗಿ ಬೀಳುತ್ತಿತ್ತು. ನಾನು ಮೇಜು ಸುತ್ತಿ ಹೋಗಿ ಅವರ ಭುಜದ ಮೇಲಿಂದ ಬಗ್ಗಿದೆ. ಹಾಲಿನಲ್ಲಿ ಹಾಲಿನ ಗೆರೆ ಎಳೆದಷ್ಟು ಮಸುಕಾಗಿ ಚುಕ್ಕೆಗಳ ನೆರಳು ಮೂಡಿತ್ತು. ಇನ್ನೊಮ್ಮೆ ಸವರಿದೆ. ಅವರು ಒಂದನೇ ಕ್ಲಾಸಿನ ಮಕ್ಕಳು ಓದುವ ಹಾಗೆ, ಗಾಳಿಯಲ್ಲಿ ಬೆರಳಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಪಿ... ಳ್ಳ... ಮ್ಮ.”

ಅದು ಅವರ ತಾಯಿಯ ಹೆಸರು. ಜೋಡಿ ಸೌಟುಗಳಲ್ಲಿ ಒಂದರ ಬೆನ್ನಿಗೆ ಸತ್ತ ಮಗುವಿನ ಹೆಸರು, ಇನ್ನೊಂದರ ಬೆನ್ನಿಗೆ ಅದನ್ನು ಸಾಕಿದವಳ ಹೆಸರು. ಒಂದೇ ಅಂಗಡಿ, ಒಂದೇ ಚಾಣ. ಮನೆಯವರಿಗಲ್ಲದೆ ಕೊಡುವುದಿಲ್ಲ ಎಂದಿದ್ದರು ಆ ಇಂಜಿನಿಯರ್. ಆ ಮಗುವಿನ ತಂದೆತಾಯಿಗೂ ಅದೇ ಪದ್ಧತಿ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಿದ್ದರು.

ನಾನು ಫೋಟೋ ತೆಗೆಯಲು ಹೋದೆ. ಬರೀ ಬೆಳಕಿನ ಹೊಳಪು ಬಂತು, ಅಕ್ಷರ ಸಿಗಲಿಲ್ಲ. ಅಷ್ಟರಲ್ಲಿ ಒಣಗಿ ಅಳಿಸಿಹೋಯಿತು. ಮತ್ತೆ ಹಚ್ಚಿದರೆ ಬರಲಿಲ್ಲ. ವರದಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದು ಸಹಿ ಮಾಡುತ್ತೇನೆ, ಆದರೆ ನಂಬದವರು ನಂಬದೆಯೂ ಇರಬಹುದು ಎಂದು ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ.

“ನನ್ ತಮ್ಮ ನಂಬ್ಲಿ, ಬುಡ್ಲಿ. ನಾನ್ ಓದಿದ್ನಲ್ಲ,” ಎಂದರು. ಕಾಪು ಕನ್ನಡಕ ತೆಗೆದಿಟ್ಟು, ಅವರ ಕ್ಷೇಮಕ್ಕೆಂದು ನಾನು ಕೊಟ್ಟಿದ್ದ ಒದ್ದೆ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಅಮೋನಿಯಾದ ಉರಿ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಹೆಸರಿಲ್ಲದೆ ಉಳಿದ ತಾಯಿಯ ಸೌಟನ್ನೇ ಮಾರಮ್ಮನ ಕಣ್ಣಿಗೆ ಕೊಡುವುದೆಂದೂ, ಮಗುವಿನದನ್ನು ಮನೆಯಲ್ಲಿಟ್ಟುಕೊಂಡು ತಾಯಿಯ ತಿಥಿಯ ದಿನ ಅದರಲ್ಲೇ ಬಡಿಸುವುದೆಂದೂ ಅಲ್ಲಿಯೇ ತೀರ್ಮಾನ ಮಾಡಿದರು. ಟವೆಲ್ಲಿನಲ್ಲಿ ಎರಡನ್ನೂ ಸುತ್ತುತ್ತಿದ್ದಾಗ ನಾನು ಸುಮ್ಮನಿರಲಾರದೆ ಕೇಳಿದೆ: “ಅಕ್ಕ, ಹರಕೆ ಯಾತಕ್ಕೆ ಕಟ್ಟಿಕೊಂಡಿದ್ರು ಅಮ್ಮ?”

ಅವರ ಕೈ ನಿಂತಿತು.

“ನಂಗೇ ತಾಯಿ. ಚಿಕ್ಕೋಳಿದ್ದಾಗ ನಂಗೆ ಸಿಡುಬಿನ ಅಮ್ಮ ಎದ್ದು ಕಣ್ಣೊಳೀಕೂ ಬಂದ್ಬುಟ್ಟಿತ್ತು. ಕಣ್ ಓಯ್ತದೆ ಅಂದಿದ್ರಂತೆ. ನನ್ ಮಗೀನ ಕಣ್ಣು ಉಳಿಸು, ನನ್ ದುಡಿಮೇಲಿ ನಿಂಗೆ ಬೆಳ್ಳಿ ಕಣ್ ಆಕ್ತೀನಿ ಅಂತ ಮಾರಮ್ಮನ್ ಮುಂದೆ ಬಿದ್ಕೊಂಡಿದ್ಳಂತೆ. ಉಳಿದ್ವು.” ಟವೆಲ್ಲಿನ ಗಂಟು ಬಿಗಿದು, “ಉಳ್ದು ಏನ್ ಮಾಡಿದ್ವು?” ಅಂದರು.

ಉತ್ತರಕ್ಕೆ ಅವರು ಕಾಯಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ಬಂದು, ಅವತ್ತಿನ ಫಾರಂ ಇದೆಯಾ ಎಂದರು. ಫೈಲಿನಿಂದ ತೆಗೆದುಕೊಟ್ಟೆ. ನನ್ನ ಪೆನ್ನು ತೆಗೆದುಕೊಂಡು, ಕನ್ನಡಕ ಮೂಗಿಗೇರಿಸಿ, ಖಾಲಿ ಬಿಟ್ಟಿದ್ದ ಮೊದಲನೇ ಕಾಲಂನಲ್ಲಿ ಬಿಡಿಸಿ ಬಿಡಿಸಿ ಬರೆದರು: ಪಿಳ್ಳಮ್ಮ.